ಎಲ್ಲರೂ ಬಂದದ್ದು ತೊಂಬತ್ತೊಂಬತ್ತರಲ್ಲಿ

ಮುಂಬೈಯ ಮಲಾಡ್ ಪೂರ್ವದಲ್ಲಿ ಗುಡ್ಡದ ಬುಡಕ್ಕೆ ಆತುಕೊಂಡ ತಗಡಿನ ಮನೆಗಳ ಬಸ್ತಿಯೊಂದಿದೆ. ಅಲ್ಲಿ ಸುಂದ್ರವ್ವನ ಮಾತು ಮೀರುವ ಧೈರ್ಯ ಇರುವುದು ಎರಡಕ್ಕೇ. ಒಂದು ಆಕೆಯ ಗಂಡ ಮರೆಪ್ಪ, ಇನ್ನೊಂದು ಆಕೆಯ ಎಡ ಮೊಣಕಾಲು. ಮರೆಪ್ಪ ಎರಡು ಸಲ ಗದರಿಸಿದರೆ ದಾರಿಗೆ ಬರುತ್ತಾನೆ. ಮೊಣಕಾಲಿಗೆ ಅಷ್ಟು ಮರ್ಯಾದೆಯೂ ಇಲ್ಲ.

ಸುಂದ್ರವ್ವ ಯಾದಗಿರಿ ಕಡೆಯವಳು. ವಯಸ್ಸು ಐವತ್ಮೂರು ಎಂದು ಆಧಾರ್ ಕಾರ್ಡು ಹೇಳುತ್ತದೆ, ಆಕೆ ಅದರ ಜೊತೆ ಜಗಳಕ್ಕೆ ಹೋಗಿಲ್ಲ. ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಮುಂಬೈಯವರು ಘಮೇಲ ಎನ್ನುವ ಕಬ್ಬಿಣದ ಬಾಣಲೆ, ಅದರ ತುಂಬ ಹಸಿ ಕಾಂಕ್ರೀಟು. ಇದನ್ನು ಹೊತ್ತು ಏಣಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಆಕೆಯ ಕೆಲಸವನ್ನು ಇದಕ್ಕಿಂತ ಹೆಚ್ಚು ವರ್ಣಿಸುವಂಥದ್ದೇನೂ ಇಲ್ಲ. ದೊಡ್ಡ ಟವರುಗಳಿಗೆ ಈಗ ಪಂಪು ಬಂದಿದೆ. ಆದರೆ ಸಣ್ಣ ಗಲ್ಲಿಗಳ ಒಳಗೆ ಪಂಪಿನ ಗಾಡಿ ನುಗ್ಗುವುದಿಲ್ಲ, ಸುಂದ್ರವ್ವ ನುಗ್ಗುತ್ತಾಳೆ.

ಆಕೆ ಬರೀ ಹೊರುವವಳಷ್ಟೇ ಅಲ್ಲ, ಕರೆತರುವವಳೂ ಹೌದು. ಸ್ಲ್ಯಾಬು ಹಾಕುವ ದಿನ ಕೆಲಸ ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಗುತ್ತಿಗೆದಾರರಿಗೆ ಮಾತಿಗೆ ತಪ್ಪದ ಜನ ಬೇಕು. ಇಪ್ಪತ್ತು ಹೆಂಗಸರು ಬೇಕೆಂದು ಸುಂದ್ರವ್ವನಿಗೆ ಫೋನು ಬಂದರೆ ಬೆಳಿಗ್ಗೆ ಏಳಕ್ಕೆ ಇಪ್ಪತ್ತು ಹೆಂಗಸರು ನಿಂತಿರುತ್ತಾರೆ, ಹತ್ತೊಂಬತ್ತಲ್ಲ. ಜ್ವರ ಬಂದವಳಿದ್ದರೆ ಅವಳ ಬದಲಿಗೆ ಅವಳ ನಾದಿನಿ ನಿಂತಿರುತ್ತಾಳೆ.

ಹೋದ ವರ್ಷ ಮೊಣಕಾಲು ತೀರಾ ಹಟ ಹಿಡಿದಾಗ ಆಕೆ ಒಂದು ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಾಲ್ಕು ತಾಸು ನಿಂತಳು. ಎಳೆ ಮುಖದ ಡಾಕ್ಟರು ತಲೆ ಎತ್ತದೆ ಹೇಳಿದ, ‘ಉಮರ್ ಹೋ ಗಯೀ, ಮಾವಶಿ.’ ಚಿಕ್ಕಮ್ಮನಿಗೆ ವಯಸ್ಸಾಯಿತಂತೆ. ಸುಂದ್ರವ್ವನಿಗೆ ಆ ಕ್ಷಣ ಉರಿದುಹೋಯಿತು. ಊರಿನಲ್ಲಿ ಅವಳ ಅತ್ತೆ ಎಂಬತ್ತರ ಹತ್ತಿರ ಬಂದರೂ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುತ್ತಾಳೆ. ವಯಸ್ಸು ಅವಳ ಮನೆಯ ದಾರಿ ಮರೆತಿದೆಯೇ?

‘ಇದು ವಯಸ್ಸಿನ ನೋವಲ್ಲ, ಹೊರಿ ನೋವು’ ಎಂದು ಅವಳು ಅಂದಿನಿಂದ ಕಂಡಕಂಡವರಿಗೆಲ್ಲ ಹೇಳತೊಡಗಿದಳು. ಜನ ಹೂಂಗುಟ್ಟಿದರು. ಆದರೆ ಆಕೆಗೆ ಬೇಕಾಗಿದ್ದುದು ಹೂಂಗುಟ್ಟುವವರಲ್ಲ. ‘ಬಾಯಿಲೆ ಹೇಳಿದ್ದು ಗಾಳಿಗಿ ಹೋಗತದ. ಯಾರಾರ ಕಾಗದದ ಮ್ಯಾಲ ಬರೀಬೇಕು ನೋಡು. ಅಂದ್ರ ಆ ಡಾಕ್ಟರೂ ಓದತಾನ’ ಎಂದು ಮರೆಪ್ಪನ ಮುಂದೆ ದಿನಾ ಹಾಡಿದ್ದೇ ಹಾಡಿದಳು. ಮರೆಪ್ಪ ಬೀಡಿ ಸೇದುತ್ತ, ಬರೆಯುವವರು ಸಿಕ್ಕರೆ ತನ್ನ ಕಿವಿನೋವನ್ನೂ ಬರೆಸು ಅಂದ.

ಬರೆಯುವವಳು ಸಿಕ್ಕಳು. ಹೆಸರು ಯಕ್ಷಿತಾ. ಬೊರಿವಲಿಯಲ್ಲಿ ಹುಟ್ಟಿ ಬೆಳೆದ ತುಳು ಮನೆಯ ಹುಡುಗಿ, ಪರೇಲಿನ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಸಂಶೋಧನೆಗೆ ಇಂಗ್ಲಿಷಿನಲ್ಲಿ ರೈಲಿನಷ್ಟು ಉದ್ದದ ಹೆಸರಿತ್ತು. ಬಿಡಿಸಿ ಹೇಳಿದರೆ ಇಷ್ಟೇ: ತಲೆಹೊರೆ ಹೊರುವ ಹೆಂಗಸರ ಮೊಣಕಾಲು ಎಷ್ಟು ವರ್ಷಕ್ಕೆ ಕೆಡುತ್ತದೆ.

‘ನಾನು… ಮತ್ಲಬ್… ನಿಮ್ಮದೆಲ್ಲ ಇಂಟರ್ವ್ಯೂ ಮಾಡ್ಲಿಕ್ಕೆ ಉಂಟು, ಮಾವಶಿ. ಅರವತ್ತು ಜನ ಬೇಕು’ ಅಂದಳು ಯಕ್ಷಿತಾ, ಒಂದೊಂದು ಕನ್ನಡ ಶಬ್ದಕ್ಕೂ ತಡಕಾಡುತ್ತ.

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು, ಅದೂ ನೋವಿರುವ ಕಾಲಿಗೆ. ಸುಂದ್ರವ್ವ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟ್ ಗಂಟೆಕ್ಕ ಬೇಕು?’

ಹನುಮಪ್ಪನ ಗುಡಿಯ ಪಕ್ಕದ ತಗಡಿನ ಚಪ್ಪರದ ಕೆಳಗೆ ಆರು ಭಾನುವಾರ ಕೆಲಸ ನಡೆಯಿತು. ಭಾನುವಾರಕ್ಕೆ ಹತ್ತು ಹೆಂಗಸರು. ಒಬ್ಬಳು ಎದ್ದರೆ ಇನ್ನೊಬ್ಬಳು ಕೂತಳು. ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಟ್ಟಳು, ಹೆಬ್ಬೆಟ್ಟು ಒತ್ತಿದಳು, ಚಹ ಕುಡಿದಳು, ಹೋದಳು. ಯಕ್ಷಿತಾಳ ಸಹಪಾಠಿಗಳು, ಮಾಹಿತಿ ಕೇಳಲು ಹೋದಾಗ ಯಾರು ಯಾರೋ ಬೈದು ಅಟ್ಟಿದ್ದನ್ನು, ನಾಯಿ ಬಿಟ್ಟಿದ್ದನ್ನು ಹೇಳಿಕೊಂಡು ಅಳುತ್ತಿದ್ದರೆ ಇವಳು ಅವರೆದುರು ಮೆರೆದಳು. ತನ್ನ ಫೀಲ್ಡಿನಷ್ಟು ಶಿಸ್ತಿನ ಫೀಲ್ಡು ಇಡೀ ಸಂಸ್ಥೆಯಲ್ಲಿ ಯಾರಿಗೂ ಇಲ್ಲ ಎಂದಳು. ಪಾಪ, ಆ ಶಿಸ್ತು ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ಅವಳಿಗೆ ಬರಲಿಲ್ಲ.

ಏಪ್ರಿಲ್ ಮೊದಲ ವಾರ, ಕೆಲಸ ಬಿಡುವ ಹೊತ್ತಿಗೆ, ಯಕ್ಷಿತಾ ಸೈಟಿನ ಗೇಟಿನಲ್ಲೇ ಬಂದು ನಿಂತಿದ್ದಳು. ಮುಖ ಇಳಿದುಹೋಗಿತ್ತು.

‘ಮಾವಶಿ, ಅರವತ್ತರಲ್ಲಿ ಐವತ್ತೇಳು ಜನ ಮುಂಬೈಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ’ ಅಂದಳು.

‘ಹೌದಲ್ಲ’ ಅಂದಳು ಸುಂದ್ರವ್ವ.

‘ಹೌದಾ? ನಿಮ್ಮ ಗುಂಪಿನ ಶೀತಲ್ ಹುಟ್ಟಿದ್ದೇ ಎರಡು ಸಾವಿರದ ಎರಡರಲ್ಲಿ. ಅವಳು ಹುಟ್ಟುವ ಮೂರು ವರ್ಷ ಮುಂಚೆ ಬಂದು ಘಮೇಲ ಹೊತ್ತಳಾ?’

ಯಕ್ಷಿತಾಳ ಮಾರ್ಗದರ್ಶಕಿ ರಂಜನಾ ಮೇಡಂ ಅಂಕಿಗಳ ಪಟ್ಟಿಯನ್ನು ನೋಡಿ, ಆ ವರ್ಷ ಯಾದಗಿರಿಯಲ್ಲಿ ಭೂಕಂಪವೇನಾದರೂ ಆಗಿತ್ತೇ ಎಂದು ಕೇಳಿದ್ದರಂತೆ. ಉಳಿದ ಮೂವರು ಜಾಣೆಯರು ತೊಂಬತ್ತೆಂಟು ಎಂದಿದ್ದರು, ಒಂದು ವರ್ಷ ಕೈಯಲ್ಲಿರಲಿ ಎಂದು.

ಇದು ಯಾಕೆ ಹೀಗಾಯಿತೆಂದು ಮುಂಬೈಯ ಬಸ್ತಿಯಲ್ಲಿ ಬಾಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾಗದ ಪೆನ್ನು ಹಿಡಿದು ಗಲ್ಲಿಗೆ ಬರುವವರು ಬರುವುದು ಒಂದೇ ಕೆಲಸಕ್ಕೆ, ಖೋಲಿಗಳನ್ನು ಎಣಿಸುವುದಕ್ಕೆ. ಎರಡು ಸಾವಿರದ ಇಸವಿ ಜನವರಿ ಒಂದಕ್ಕೆ ಮೊದಲಿನಿಂದ ಇದ್ದ ಖೋಲಿಯಾದರೆ, ಬಸ್ತಿ ಕೆಡವಿ ಬಿಲ್ಡಿಂಗು ಕಟ್ಟುವಾಗ ಪುಕ್ಕಟೆ ಮನೆ. ಆಮೇಲಿನದಾದರೆ ಹಣೆಬರಹ. ಹಾಗಾಗಿ ಇಲ್ಲಿನ ಮಕ್ಕಳು ಅಆಇಈ ಕಲಿಯುವ ಮೊದಲೇ ಕಲಿಯುವ ಪಾಠ, ‘ನಾವು ಬಂದಿದ್ದು ತೊಂಬತ್ತೊಂಬತ್ತರಾಗ’ ಎನ್ನುವುದು. ಯಕ್ಷಿತಾಳ ಫಾರ್ಮಿನಲ್ಲಿ ಹೆಸರು ಇತ್ತು, ಬಂದ ವರ್ಷ ಇತ್ತು, ಕೊನೆಗೆ ಹೆಬ್ಬೆಟ್ಟಿಗೆ ಜಾಗ ಇತ್ತು. ನಿಮ್ಮ ಹೆಸರನ್ನು ಗುಟ್ಟಾಗಿ ಇಡುತ್ತೇವೆ ಎಂದು ಬರೆದು, ಅದರ ಕೆಳಗೇ ಹೆಸರು ಬರೆಸಿಕೊಳ್ಳುವ ಕಾಗದವನ್ನು ಯಾವ ಹೆಂಗಸು ನಂಬುತ್ತಾಳೆ?

ಮೊದಲ ಭಾನುವಾರದ ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿಕೊಂಡು, ‘ಕೇಳಿದ್ರ ಎಲ್ಲಾರ ಬಾಯಾಗೂ ಒಂದ ಮಾತು ಬರಬೇಕು ನೋಡ್ರಿ, ಆ ಹುಡುಗಿ ಫಾರ್ಮ್ ಕೆಡಬಾರದು’ ಎಂದು ತಾಕೀತು ಮಾಡಿದವಳು ಸುಂದ್ರವ್ವನೇ. ಅದು ಸುಳ್ಳು ಎಂದು ಅವಳಿಗೆ ಹೊಳೆದೂ ಇರಲಿಲ್ಲ. ಮನೆಗೆ ಬಂದವರಿಗೆ ಸೌತೆಕಾಯಿ ಸಿಪ್ಪೆ ತೆಗೆದು ಕೊಡುವ ಹಾಗೆ, ಉತ್ತರವನ್ನೂ ಹಸನು ಮಾಡಿ ಕೊಟ್ಟಿದ್ದಳು.

‘ಅದರಾಗೇನು ಬಂತು? ವರ್ಷ ಬಿಟ್ಟು ಉಳಿದದ್ದೆಲ್ಲ ಖರೇ ಹೇಳ್ಯಾರ. ನೋವು ಖರೇ ಅದ’ ಅಂದಳು ಈಗ.

ಯಕ್ಷಿತಾ ಮರಳಿನ ಚೀಲದ ಮೇಲೆ ಕೂತು ಲ್ಯಾಪ್‌ಟಾಪು ತೆಗೆದಳು. ನಿಧಾನವಾಗಿ, ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಬಂದ ವರ್ಷದಿಂದಲೇ ಹೊರೆ ಎಣಿಸಿದರೆ ಶೀತಲ್‌ಗೂ ಇಪ್ಪತ್ತೈದು ವರ್ಷದ ಹೊರೆ, ಸುಂದ್ರವ್ವನಿಗೂ ಇಪ್ಪತ್ತೈದು ವರ್ಷದ ಹೊರೆ. ಶೀತಲ್ ಏಣಿಯನ್ನು ಓಡಿ ಹತ್ತುತ್ತಾಳೆ, ಸುಂದ್ರವ್ವ ಹಿಡಿದು ಹಿಡಿದು ಹತ್ತುತ್ತಾಳೆ. ಹೊರೆ ಸಮ, ನೋವು ಬೇರೆ. ಹಾಗಾದರೆ ಲೆಕ್ಕ ಏನು ಹೇಳುತ್ತದೆ?

‘ಹೊರೆಗೂ ಮೊಣಕಾಲಿಗೂ ಸಂಬಂಧ ಇಲ್ಲ ಅಂತ ಹೇಳ್ತದೆ, ಮಾವಶಿ. ವ್ಯತ್ಯಾಸ ಇರುವುದು ವಯಸ್ಸಲ್ಲಿ ಮಾತ್ರ ಅಂತೆ.’

ಸುಂದ್ರವ್ವ ಸಿಂಬಿಯ ಬಟ್ಟೆ ಬಿಚ್ಚಿ ಕೊಡವಿದಳು. ‘ಅಂದ್ರ ಆ ಡಾಕ್ಟರ್ ಹೇಳಿದ್ದ ಖರೇ ಆತು?’

‘ಹೌದು. ನನ್ನ ಥೀಸಿಸ್ ಅವನ ಸಪೋರ್ಟಿಗೆ ನಿಂತ ಹಾಗೆ ಆಯ್ತು.’

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಅನ್ನುತ್ತಾರಲ್ಲ, ಅದು ಇದೇ. ಹೊರೆಯ ನೋವನ್ನು ಕಾಗದಕ್ಕೆ ಏರಿಸಹೊರಟವಳು ತನ್ನ ಕೈಯಾರೆ ಆ ನೋವನ್ನು ಸುಳ್ಳು ಮಾಡಿದ್ದಳು. ತನ್ನದೊಂದೇ ಅಲ್ಲ, ಅರವತ್ತು ಜನರದ್ದು. ಅವಳಿಗೆ ಆಗ ಆದ ಸಂಕಟ ಮೊಣಕಾಲಿನದಕ್ಕಿಂತ ಹೆಚ್ಚಿತ್ತು. ಯಕ್ಷಿತಾಳ ಪಾಡಂತೂ ಕೇಳುವುದೇ ಬೇಡ. ಜೂನ್ ಮೂವತ್ತಕ್ಕೆ ಅವಳು ಬರೆದು ಒಪ್ಪಿಸಬೇಕು. ಎರಡು ಸಲ ಅವಧಿ ವಿಸ್ತರಿಸಿಕೊಂಡಾಗಿತ್ತು, ಮೂರನೆಯದು ಇಲ್ಲ ಎಂದು ಲಿಖಿತ ಉತ್ತರ ಬಂದಿತ್ತು.

ಸುಂದ್ರವ್ವ ಅವತ್ತೇ ಹೆಂಗಸರನ್ನು ಮತ್ತೆ ಸೇರಿಸಿದಳು. ಈ ಸಲ ಖರೇ ವರ್ಷ ಹೇಳಬೇಕೆಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಶೀತಲ್ ಕೇಳಿದಳು, ‘ಅತ್ತಿ, ಖರೇ ಅಂದ್ರ ತೊಂಬತ್ತೊಂಬತ್ತ ಅಲ್ಲೇನ್ರಿ?’

ಇನ್ನು ಕೆಲವರಿಗೆ ನಿಜವಾದ ವರ್ಷ ನೆನಪೇ ಇರಲಿಲ್ಲ. ಇಪ್ಪತ್ತು ವರ್ಷ ಒಂದೇ ಸುಳ್ಳನ್ನು ಹೇಳಿದರೆ ಅದು ಮನೆಮಗಳಾಗಿಬಿಡುತ್ತದೆ, ಹೊರಗೆ ಹಾಕಲು ಬರುವುದಿಲ್ಲ. ನೆನಪಿದ್ದವರು ಹೇಳಲಿಲ್ಲ. ಸುಂದ್ರವ್ವನ ಮಾತಿಗೆ ಬಸ್ತಿ ಬಗ್ಗದೆ ಇದ್ದದ್ದು ಅದೇ ಮೊದಲು. ಆಕೆ ಕಲಿಸಿದ ಪಾಠವನ್ನು ಮಂದಿ ಅಷ್ಟು ಚೆನ್ನಾಗಿ ಕಲಿತಿದ್ದರು.

ದಾರಿ ಕಂಡದ್ದು ಎರಡು ದಿನದ ನಂತರ, ಅದೂ ನಡುರಸ್ತೆಯಲ್ಲಿ. ಕೆಲಸ ಬಿಟ್ಟು ಹೆಂಗಸರು ಗುಂಪಾಗಿ ಬರುತ್ತಿದ್ದರು. ಯಕ್ಷಿತಾ ಸೋತ ಮುಖ ಹೊತ್ತು ಜೊತೆಗೆ ನಡೆಯುತ್ತಿದ್ದಳು. ಏಳು ಮಹಡಿಯ ಒಂದು ಬಿಲ್ಡಿಂಗಿನ ಮುಂದೆ ಶೀತಲ್ ತಲೆ ಎತ್ತಿ, ‘ನನ್ನ ಮೊದಲ ಘಮೇಲ ಇದರ ಐದನೇ ಸ್ಲ್ಯಾಬಿಂದು. ಮೂರು ದಿನ ಕುತ್ತಿಗಿ ಹೊಳ್ಳಲಿಲ್ಲ’ ಎಂದು ನಕ್ಕಳು. ಹಿಂದಿನಿಂದ ಇನ್ನೊಬ್ಬಳು ತನ್ನದು ಸ್ಟೇಶನ್ ಪಕ್ಕದ ಬ್ಯಾಂಕಿನದೆಂದಳು. ಮತ್ತೊಬ್ಬಳು ಶಾಲೆಯದೆಂದಳು.

ಸುಂದ್ರವ್ವ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ರಿಕ್ಷಾದವನು ಬೈದು ಪಕ್ಕದಿಂದ ಹೋದ. ‘ತಂಗಿ, ನೀ ವರ್ಷ ಕೇಳಬ್ಯಾಡ. ಮೊದಲ ಸ್ಲ್ಯಾಬ್ ಯಾವ ಬಿಲ್ಡಿಂಗಿಂದು ಅಂತ ಕೇಳು. ಗಂಡನ ಮಾರಿ ಮೊದಲ ನೋಡಿದ ದಿನ ಮರೀಬಹುದು, ಮೊದಲ ಸ್ಲ್ಯಾಬ್ ಯಾರೂ ಮರಿಯಂಗಿಲ್ಲ. ಬಿಲ್ಡಿಂಗ್ ಯಾವಾಗ ಆತು ಅಂಬೋದು ನೀ ಹುಡುಕು.’

ಯಕ್ಷಿತಾಳ ಕಣ್ಣು ಅರಳಿತು, ಹಾಗೆಯೇ ಹುಬ್ಬು ಗಂಟಾಯಿತು. ‘ಆದರೆ ಅದರಿಂದ ನಾನು ವರ್ಷ ಲೆಕ್ಕ ಹಾಕ್ತೇನೆ ಅಂತ ಅವರಿಗೆ ಮೊದಲೇ ಹೇಳ್ಬೇಕು, ಮಾವಶಿ. ಮುಚ್ಚಿಟ್ಟು ಕೇಳುವ ಹಾಗಿಲ್ಲ.’

‘ಹೇಳು. ಯಾರು ಬ್ಯಾಡ ಅಂದಾರ? ಆದ್ರ ಹೆಸರು ತಗಿ, ಹೆಬ್ಬಟ್ಟು ತಗಿ. ಹೆಸರಿಲ್ಲದ ಕಾಗದ ಯಾರ ಖೋಲಿನೂ ಕಸಗೊಳ್ಳಂಗಿಲ್ಲ.’

ಯಕ್ಷಿತಾ ಆ ವಾರವೇ ಸಂಶೋಧನೆಯ ಯೋಜನೆಯನ್ನು ತಿದ್ದಿ ಬರೆದಳು. ಹೆಸರಿನ ಜಾಗದಲ್ಲಿ ಬರೀ ನಂಬರು, ಹೆಬ್ಬೆಟ್ಟಿನ ಬದಲು ಬಾಯಿಮಾತಿನ ಒಪ್ಪಿಗೆ. ಸಂಸ್ಥೆಯ ಸಮಿತಿ ಹತ್ತು ದಿನ ಕಾಯಿಸಿ ಹೂಂ ಎಂದಿತು. ರಂಜನಾ ಮೇಡಂ ಮಾತ್ರ ಓದಿದ ಕೂಡಲೇ ಫೋನು ಮಾಡಿ, ಈ ಉಪಾಯ ಯಾರದೆಂದು ಕೇಳಿದರು. ವರ್ಷ ನೆನಪಿಲ್ಲದವರನ್ನು ಘಟನೆಗಳ ಮೂಲಕ ಕೇಳುವ ಈ ಪದ್ಧತಿಗೆ ವಿದ್ವಾಂಸರು ಇಟ್ಟ ಹೆಸರೇ ಒಂದಿದೆಯಂತೆ. ಯಕ್ಷಿತಾ ಬಂದು ಅದನ್ನು ಹೇಳಿದಾಗ ಸುಂದ್ರವ್ವ ಎಲೆಅಡಿಕೆ ಮಡಚುತ್ತ ಅಂದಳು, ‘ಇಡಲಿ ಬಿಡು. ಹಡಿಯೋರು ಒಬ್ಬರು, ಹೆಸರಿಡೋರು ಒಬ್ಬರು.’

ಎರಡನೆಯ ಸುತ್ತು ಮೊದಲಿನ ಹಾಗಿರಲಿಲ್ಲ. ಶಿಸ್ತು ಎಂಬುದು ತಗಡಿನ ಚಪ್ಪರದಾಚೆ ಹಾರಿಹೋಯಿತು. ಮೊದಲು ಹತ್ತು ನಿಮಿಷಕ್ಕೆ ಎದ್ದುಹೋದವಳು ಈಗ ಒಂದು ತಾಸಾದರೂ ಏಳಲಿಲ್ಲ. ಮೇಸ್ತ್ರಿಯ ಮೀಸೆ, ಏಣಿಯ ಮುರಿದ ಮೆಟ್ಟಿಲು, ಸ್ಲ್ಯಾಬಿನ ದಿನ ಮಾಲೀಕ ಹಂಚಿದ ಜಿಲೇಬಿ, ಎಲ್ಲವೂ ಬಂತು. ಮೂರನೇ ಸ್ಲ್ಯಾಬೋ ನಾಲ್ಕನೆಯದೋ ಎಂದು ಇಬ್ಬರು ಓರಗಿತ್ತಿಯರು ಮಾತು ಬಿಟ್ಟರು. ಯಕ್ಷಿತಾ ವಾರವಿಡೀ ಮೇ ತಿಂಗಳ ಬಿಸಿಲಿನಲ್ಲಿ ಗೇಟಿನಿಂದ ಗೇಟಿಗೆ ಅಲೆದು, ಗೋಡೆಯ ಫಲಕಗಳನ್ನು ಓದಿ, ಸೊಸೈಟಿ ಆಫೀಸುಗಳಲ್ಲಿ ಕಾದು, ಬಿಲ್ಡಿಂಗುಗಳ ಹುಟ್ಟಿದ ವರ್ಷ ಬರೆದುಕೊಂಡಳು. ಒಬ್ಬ ವಾಚ್‌ಮನ್ ಅವಳನ್ನು ಫ್ಲ್ಯಾಟಿನ ದಲ್ಲಾಳಿ ಎಂದುಕೊಂಡು ಕಮಿಷನ್ ಕೇಳಿದ. ಮಾತಾಡಿ ಮಾತಾಡಿ ಅವಳ ಕನ್ನಡ ಮಾತ್ರ ಬಹಳ ಸುಧಾರಿಸಿತು. ಮನೆಯಲ್ಲಿ ಅಮ್ಮನಿಗೆ ‘ಊಟಕ್ಕ ಏನದ’ ಎಂದು ಕೇಳಿ ಬೈಸಿಕೊಂಡಳಂತೆ.

ಜೂನ್ ಎರಡನೆಯ ವಾರ ಐವತ್ತೊಂಬತ್ತು ಮುಗಿದವು. ಸಂಜೆ ಯಕ್ಷಿತಾ ಫೋನು ಮಾಡಿದಳು. ‘ಮಾವಶಿ, ಬಂತು. ಒಂದೇ ವಯಸ್ಸಿನವರನ್ನು ಜೊತೆಗಿಟ್ಟು ನೋಡಿದೆ. ಯಾರು ಹೆಚ್ಚು ವರ್ಷ ಹೊತ್ತಿದ್ದಾರೋ ಅವರ ಮೊಣಕಾಲೇ ಹೆಚ್ಚು ಕೆಟ್ಟದ್ದು. ವಯಸ್ಸಲ್ಲ, ಹೊರೆಯೇ.’

‘ನಾ ಹೇಳಿದ್ದೆನಲ್ಲ’ ಅಂದಳು ಸುಂದ್ರವ್ವ. ಫೋನು ಇಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರೆಪ್ಪ ಏನಾಯಿತೆಂದು ಕೇಳಿದ್ದಕ್ಕೆ, ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ ಅಂದಳು. ಅವತ್ತು ಅವರ ಮನೆಯಲ್ಲಿ ಉಳ್ಳಾಗಡ್ಡಿಯೇ ಇರಲಿಲ್ಲ.

ಅರವತ್ತನೆಯವಳು ಸುಂದ್ರವ್ವ. ತನ್ನ ಸರದಿಯನ್ನು ಕೊನೆಗಿಟ್ಟುಕೊಂಡಿದ್ದಳು, ಎಲ್ಲರಿಗೂ ಬಡಿಸಿ ಉಣ್ಣುವ ರೂಢಿಯವಳು. ಭಾನುವಾರ ಯಕ್ಷಿತಾಳನ್ನು ಕರೆದುಕೊಂಡು ಸ್ಟೇಶನ್ನಿನ ಸೇತುವೆ ದಾಟಿ ಮಲಾಡ್ ಪಶ್ಚಿಮಕ್ಕೆ ಹೋದಳು. ಸೇತುವೆಯ ಮೆಟ್ಟಿಲನ್ನು ಅಡ್ಡಡ್ಡ ಹೆಜ್ಜೆ ಹಾಕಿ ಇಳಿದಳು. ಒಂದು ಗಲ್ಲಿಯ ಒಳಗೆ, ಗಾಜಿನ ಕಟಾಂಜನದ ಎತ್ತರದ ಟವರಿನ ಮುಂದೆ ನಿಂತು, ‘ಇದು’ ಅಂದಳು.

ಗೇಟಿನ ಫಲಕ ೨೦೨೨ ಎನ್ನುತ್ತಿತ್ತು. ಯಕ್ಷಿತಾ ಗೊಂದಲಕ್ಕೆ ಬಿದ್ದಳು. ‘ಎರಡು ವರ್ಷ ಹಿಂದಿನದ್ದಲ್ವಾ ಮಾವಶಿ?’

‘ಇದಲ್ಲ. ಇದರ ಕೆಳಗ ಇದ್ದದ್ದು. ಈಶ್ವರ ಭುವನ ಅಂತ ನಾಕು ಮಾಳಿಗಿದು ಇತ್ತು. ಲಗ್ನಾಗಿ ಬಂದ ಎಂಟು ದಿನಕ್ಕ ಅದರ ಮೊದಲ ಸ್ಲ್ಯಾಬಿಗಿ ಹೊತ್ತೆ. ಕೈಯಾಗಿನ ಹಸಿರು ಬಳಿ ಇನ್ನಾ ಹೊಸಾವು.’

ಯಾವ ವರ್ಷವೆಂದು ಆಕೆಗೆ ಗೊತ್ತಿರಲಿಲ್ಲ. ರೇಷನ್ ಕಾರ್ಡು ಸಿಕ್ಕಿದ್ದು ತೊಂಬತ್ತೊಂಬತ್ತರಲ್ಲಿ. ಕಾಗದ ಹೇಳಿದ್ದನ್ನೇ ಬಾಯಿಯೂ ಹೇಳಬೇಕು ಎಂದು ಅಂದಿನಿಂದ ಅದನ್ನೇ ಹೇಳಿಕೊಂಡು ಬಂದಿದ್ದಳು. ಯಕ್ಷಿತಾ ಸೊಸೈಟಿ ಆಫೀಸಿಗೆ ಹೋಗಿ ಸೆಕ್ರೆಟರಿಯ ಹತ್ತಿರ ಹಳೆಯ ಫೈಲು ತೆಗೆಸಿದಳು. ಹೊರಗೆ ಬಂದಾಗ ಅವಳ ಕೈಯಲ್ಲೊಂದು ಚೀಟಿ ಇತ್ತು.

‘ಈಶ್ವರ ಭುವನ ಕಟ್ಟಿದ್ದು ಎಂಬತ್ತೇಳರಲ್ಲಿ. ಎರಡು ಸಾವಿರದ ಹದಿನೆಂಟರಲ್ಲಿ ಇಂಜಿನಿಯರ್ ಬಂದು ಚೆಕ್ ಮಾಡಿ, ಮೂವತ್ತೊಂದು ವರ್ಷ ಆಯ್ತು, ಇನ್ನು ಭಾರ ತಡೆಯುವುದಿಲ್ಲ ಅಂತ ಬರೆದುಕೊಟ್ಟರಂತೆ. ಅದಕ್ಕೇ ಕೆಡವಿದ್ದು.’

‘ಕೆಡವಿದ್ದು ನಂಗೊತ್ತದ. ಅವತ್ತೂ ನಾನ ಬಂದಿದ್ದೆ ಮಂದಿ ಕರಕೊಂಡು’ ಅಂದಳು ಸುಂದ್ರವ್ವ, ನಗುತ್ತಲೇ. ‘ಹೊತ್ತು ಏರಿಸಿದ್ದೂ ನಾನ, ಒಡದ ಮ್ಯಾಲ ಹೊತ್ತು ಇಳಿಸಿದ್ದೂ ನಾನ. ಇಳಿಸೋದು ಏರಿಸೋದ್ಕಿಂತ ಕಠಿಣ ನೋಡು, ಮುಂದಿನ ಮೆಟ್ಟಿಲಾ ಕಾಣಂಗಿಲ್ಲ.’

ಯಕ್ಷಿತಾ ಗಲ್ಲಿಯ ಕಟ್ಟೆಯ ಮೇಲೆ ಕೂತು ಫಾರ್ಮು ತೆರೆದಳು. ಮೊದಲ ಸುತ್ತಿನಲ್ಲಿ ಇಪ್ಪತ್ತೈದು ಎಂದಿದ್ದ ಜಾಗದಲ್ಲಿ ಮೂವತ್ತೇಳು ಎಂದು ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಇಷ್ಟು ವರ್ಷ ಮನೆ ಉಳಿಸಿಕೊಳ್ಳಲು ಹೇಳಿದ ಸುಳ್ಳಿನಲ್ಲಿ ಸುಂದ್ರವ್ವ ತನ್ನ ಹನ್ನೆರಡು ವರ್ಷದ ಹೊರೆಯನ್ನು ತಾನೇ ಅಳಿಸಿಹಾಕಿದ್ದಳು.

‘ಮೂವತ್ತೇಳೇನು?’ ಅಂದಳು ಸುಂದ್ರವ್ವ. ‘ಇನ್ನೊಮ್ಮಿ ಓದು.’

ಯಕ್ಷಿತಾ ಓದಿದಳು. ಸುಂದ್ರವ್ವ ಟವರಿನ ತುದಿಯ ತನಕ ಒಮ್ಮೆ ನೋಡಿದಳು, ಆಮೇಲೆ ಪಕ್ಕದಲ್ಲಿ ಕೂರಲು ಹೋಗಿ ಮೊಣಕಾಲು ಒಪ್ಪದೆ ಹಾಗೇ ಗೋಡೆಗೆ ಒರಗಿದಳು.

‘ಲಾಸ್ಟ್ ಪ್ರಶ್ನೆ, ಮಾವಶಿ. ಹೊರೆ ಕೆಲಸ ಬಿಟ್ಟ ವರ್ಷ?’

‘ಅದು ಖಾಲಿ ಬಿಡು, ತಂಗಿ’ ಅಂದಳು ಸುಂದ್ರವ್ವ. ‘ನಾಳಿಗಿ ಸ್ಲ್ಯಾಬ್ ಅದ, ಇಪ್ಪತ್ತು ಮಂದಿ ಬೇಕಂತ ಫೋನ್ ಬಂದದ.’